ಹಳೆಯ ಭಾಷೆಯ ನೆರಳಿನಲ್ಲಿ ಹೊಸ ಗೆಳೆತನ

ಮಕ್ಕಳು ಶಾಲೆಯಲ್ಲಿ ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ‘ಇದರಿಂದ ಏನು ಪ್ರಯೋಜನ?’ ಈ ಪ್ರಶ್ನೆಯನ್ನು ತಪ್ಪೆನ್ನಲಾಗದು. ಕಷ್ಟಪಟ್ಟು ಶುಲ್ಕ ತೆರುವ ತಂದೆತಾಯಿಗಳಿಗೆ ಅದನ್ನು ಕೇಳುವ ಹಕ್ಕಿದೆ. ಆದರೆ ಅದರ ಪಕ್ಕದಲ್ಲೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಅಪರೂಪಕ್ಕೂ ಕೇಳುವುದಿಲ್ಲ: ‘ಅಲ್ಲಿ ನಿನ್ನ ಜೊತೆ ಯಾರಿರುತ್ತಾರೆ?’ ಅಂಕಪಟ್ಟಿಯಲ್ಲಿ ಕಾಣಿಸದ ಒಂಟಿತನವನ್ನು ಮಗುವೊಂದು ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡು ಶಾಲೆಗೆ ಹೋಗಿಬರುತ್ತಿರಬಹುದು. ಮನೆಯವರಿಗೆ ಅದರ ಸುಳಿವೇ ಸಿಗದಿರಬಹುದು.

ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಇಂದು ಓದುಗರನ್ನು ಕರೆದೊಯ್ಯುವುದು ಅನಿರೀಕ್ಷಿತವಾದ ಒಂದು ತಾಣಕ್ಕೆ. ಅದು ಲ್ಯಾಟಿನ್ ಕಲಿಯುವ ವಿದ್ಯಾರ್ಥಿಗಳ ಕೂಟ. ಯಾವ ದೇಶದ ಮಕ್ಕಳಿಗೂ ಇಂದು ಮನೆಮಾತಾಗಿರದ, ಯಾವ ಸಂತೆಯಲ್ಲೂ ವ್ಯವಹಾರಕ್ಕೆ ಬಾರದ ಈ ಭಾಷೆ, ಹೇಗೆ ಸಾವಿರಾರು ಎಳೆಯರಿಗೆ ‘ನನಗೂ ಇಲ್ಲಿ ಒಂದು ಜಾಗವಿದೆ’ ಎಂಬ ಭರವಸೆಯನ್ನು ಕೊಟ್ಟಿದೆಯೆಂಬುದು ಅರಿಯತಕ್ಕ ವಿಷಯ.

ಕುಸಿದ ಮನೆಯಲ್ಲಿ ಉಳಿದ ದೀಪ

ಮೊದಲಿಗೆ ಹಿನ್ನೆಲೆಯನ್ನು ತಿಳಿಯೋಣ. ಒಂದು ಕಾಲಕ್ಕೆ ಯೂರೋಪು ಮತ್ತು ಅಮೆರಿಕದ ಪ್ರೌಢಶಾಲೆಗಳಲ್ಲಿ ಲ್ಯಾಟಿನ್ ಬಾರದವನು ವಿದ್ಯಾವಂತನೆನಿಸುತ್ತಿರಲಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯಗಳ ಪ್ರವೇಶಕ್ಕೂ ಅದು ಬೇಕಾಗಿತ್ತು. 1960ರ ಸುಮಾರಿಗೆ ಆ ನಿಯಮ ಸಡಿಲಗೊಂಡಿತು. ಧರ್ಮಸಭೆಯಲ್ಲಿಯೂ ಗಾಳಿ ಬದಲಾಗುತ್ತಿತ್ತು. 1962ರ ಫೆಬ್ರವರಿಯಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು ಗುರುಮಠಗಳಲ್ಲಿ ಲ್ಯಾಟಿನ್ ಬೋಧನೆಯನ್ನು ಬಲಪಡಿಸಬೇಕೆಂದು ಆಜ್ಞಾಪತ್ರ ಹೊರಡಿಸಿದರು. ಅದೇ ವರ್ಷ ಅವರೇ ಆರಂಭಿಸಿದ ಎರಡನೆಯ ವ್ಯಾಟಿಕನ್ ಮಹಾಸಭೆಯು, ಲ್ಯಾಟಿನ್ ಉಳಿಯಬೇಕೆಂದು ಹೇಳುತ್ತಲೇ, ಜನರ ಭಾಷೆಗಳಿಗೆ ಬಲಿಪೂಜೆಯ ಬಾಗಿಲನ್ನು ತೆರೆಯಿತು. ಕೆಲವೇ ವರ್ಷಗಳಲ್ಲಿ ಕಥೋಲಿಕ ಮಕ್ಕಳ ಕಿವಿಗೆ ಲ್ಯಾಟಿನ್ ಬೀಳುವುದೇ ನಿಂತಿತು.

ಪರಿಣಾಮವನ್ನು ಅಂಕಿಗಳು ಹೇಳುತ್ತವೆ. ಅಮೆರಿಕದ ಸರಕಾರಿ ಪ್ರೌಢಶಾಲೆಗಳಲ್ಲಿ 1962ರಲ್ಲಿ ಸುಮಾರು 7 ಲಕ್ಷ ವಿದ್ಯಾರ್ಥಿಗಳು ಲ್ಯಾಟಿನ್ ಓದುತ್ತಿದ್ದರು. 1976ರ ಹೊತ್ತಿಗೆ ಅವರ ಸಂಖ್ಯೆ ಸುಮಾರು ಒಂದೂವರೆ ಲಕ್ಷಕ್ಕೆ ಇಳಿದಿತ್ತು. ಹದಿನಾಲ್ಕು ವರ್ಷಗಳಲ್ಲಿ ಐದರಲ್ಲಿ ನಾಲ್ಕು ಪಾಲು ಕರಗಿಹೋಯಿತು. ಉಳಿದ ತರಗತಿಗಳಲ್ಲಿ ಕೆಲವೆಡೆ ಹತ್ತು ಹನ್ನೆರಡು ಮಂದಿಯಿದ್ದರೆ ಅದೇ ಹೆಚ್ಚು. ಕಡ್ಡಾಯವಿದ್ದಾಗ ಎಲ್ಲರೂ ಕಲಿಯುತ್ತಿದ್ದ ಭಾಷೆ ಈಗ ಇಷ್ಟಪಟ್ಟು ಬಂದವರದಾಯಿತು. ಇಷ್ಟಪಟ್ಟು ಬಂದವರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಶಾಲೆಯ ಲ್ಯಾಟಿನ್ ಕೂಟಗಳ ಬಲವಿರುವುದು ಇಲ್ಲಿಯೇ.

ಎಲ್ಲರಿಗೂ ಒಂದೊಂದು ಕೆಲಸ

ಅಮೆರಿಕದಲ್ಲಿ ಇಂತಹ ಕೂಟಗಳನ್ನು ಒಂದುಗೂಡಿಸಿರುವ ಸಂಸ್ಥೆ ಜೂನಿಯರ್ ಕ್ಲಾಸಿಕಲ್ ಲೀಗ್. ಗ್ರೀಕ್ ಮತ್ತು ಲ್ಯಾಟಿನ್ ಅಧ್ಯಾಪಕರ ಸಂಘವು 1936ರಲ್ಲಿ ಅದನ್ನು ಸ್ಥಾಪಿಸಿತು. ಅದರ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆದದ್ದು 1954ರಲ್ಲಿ, ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ. ಇಂದು ಅದರ ಶಾಖೆಗಳಲ್ಲಿ ಹತ್ತಾರು ಸಾವಿರ ಶಾಲಾ ಮಕ್ಕಳಿದ್ದಾರೆ. ಬೇಸಗೆ ರಜೆಯಲ್ಲಿ ಯಾವುದಾದರೊಂದು ವಿಶ್ವವಿದ್ಯಾನಿಲಯದ ಆವರಣದಲ್ಲಿ ಸುಮಾರು ಒಂದು ವಾರದ ಸಮ್ಮೇಳನ ಏರ್ಪಡುತ್ತದೆ.

ಅಲ್ಲಿ ನಡೆಯುವುದೇನು? ವ್ಯಾಕರಣದ ಪರೀಕ್ಷೆಗಳುಂಟು, ಪುರಾಣ ಮತ್ತು ಇತಿಹಾಸದ ಸ್ಪರ್ಧೆಗಳುಂಟು. ಅದರ ಜೊತೆಯಲ್ಲಿಯೇ ಓಟ ಮತ್ತು ಈಜು, ಬಣ್ಣದ ಚೂರುಗಳನ್ನು ಜೋಡಿಸಿ ಚಿತ್ರ ಮಾಡುವುದು, ಪ್ರಾಚೀನ ಕಟ್ಟಡಗಳ ಮಾದರಿ ತಯಾರಿಸುವುದು, ಭಾಷಣ, ವೇಷಭೂಷಣ, ಬಿಳಿಯ ಟೋಗಾ ಹೊದ್ದು ಕೂರುವ ಔತಣ ಎಲ್ಲವೂ ಇರುತ್ತವೆ. ಕೆಲವು ಶಾಖೆಗಳವರು ತಾವೇ ಮರದ ರಥವನ್ನು ಕಟ್ಟಿ, ಕುದುರೆಗಳ ಬದಲು ಗೆಳೆಯರನ್ನೇ ಹೂಡಿ ಓಡಿಸುತ್ತಾರೆ! ನೋಡುವವರಿಗೆ ಇದು ಮಕ್ಕಳಾಟವೆನಿಸಬಹುದು. ಆದರೆ ಇದರ ಹಿಂದೆ ಒಂದು ವಿವೇಕವಿದೆ. ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಹೇಳಲಾರದ ಹುಡುಗನಿಗೆ ಮರಗೆಲಸ ಗೊತ್ತಿರಬಹುದು. ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವ ಹುಡುಗಿ ಚೆನ್ನಾಗಿ ಚಿತ್ರ ಬರೆಯಬಹುದು. ಕೂಟಕ್ಕೆ ಇಬ್ಬರೂ ಬೇಕು. ‘ನೀನಿಲ್ಲದಿದ್ದರೆ ನಮ್ಮ ರಥ ಓಡುವುದಿಲ್ಲ’ ಎಂಬ ಮಾತು ಒಂಟಿಯಾದ ಎಳೆಯನಿಗೆ ಯಾವ ಬಹುಮಾನಕ್ಕಿಂತಲೂ ದೊಡ್ಡದು.

ಈ ಸಮ್ಮೇಳನಗಳ ಕಣ್ಮಣಿಯೆಂದರೆ ಸೆರ್ತಾಮೆನ್ ಎಂಬ ರಸಪ್ರಶ್ನೆ ಸ್ಪರ್ಧೆ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಪೈಪೋಟಿ ಎಂದರ್ಥ. ತಂಡವೊಂದರಲ್ಲಿ ನಾಲ್ವರು ಕೂರುತ್ತಾರೆ. ಮೊದಲ ಪ್ರಶ್ನೆಗೆ ಗುಂಡಿ ಒತ್ತಿದವನು ಒಬ್ಬನೇ ಉತ್ತರಿಸಬೇಕು, ಪಕ್ಕದವರನ್ನು ಕೇಳುವಂತಿಲ್ಲ. ಉತ್ತರ ಸರಿಯಾದರೆ ಆ ತಂಡಕ್ಕೆ ಹೆಚ್ಚಿನ ಪ್ರಶ್ನೆಗಳು ದೊರೆಯುತ್ತವೆ, ಆಗ ನಾಲ್ವರೂ ತಲೆಗೆ ತಲೆ ತಾಗಿಸಿ ಸಮಾಲೋಚಿಸಬಹುದು. ಒಬ್ಬನ ಧೈರ್ಯದಿಂದ ಎಲ್ಲರಿಗೂ ಮಾತನಾಡುವ ಅವಕಾಶ ಸಿಗುವ ಈ ಏರ್ಪಾಡು ನಮಗೆ ಬಹಳ ಮೆಚ್ಚುಗೆಯಾಯಿತು. ಲ್ಯಾಟಿನ್ ಕಲಿತ ವರ್ಷಗಳಿಗೆ ಅನುಗುಣವಾಗಿ ಮಟ್ಟಗಳನ್ನು ಮಾಡಿರುವುದರಿಂದ ಹೊಸಬನು ಹೊಸಬರೊಡನೆಯೇ ಸೆಣಸುತ್ತಾನೆ. ಮೊದಲ ವರ್ಷವೇ ಮುಖಭಂಗವಾಗಿ ಹಿಂತಿರುಗುವ ಪ್ರಮೇಯ ಕಡಿಮೆ.

ಅನೇಕ ತರಗತಿಗಳಲ್ಲಿ ಇನ್ನೊಂದು ಪದ್ಧತಿಯಿದೆ. ಮೊದಲ ದಿನಗಳಲ್ಲೇ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ರೋಮನ್ ಹೆಸರನ್ನು ಆರಿಸಿಕೊಳ್ಳುತ್ತಾನೆ. ಒಬ್ಬ ಮಾರ್ಕುಸ್, ಒಬ್ಬಳು ಯೂಲಿಯಾ. ಶಾಲೆಯ ಅಂಗಳದಲ್ಲಿ ಅಡ್ಡಹೆಸರಿನಿಂದ ಗೇಲಿಗೊಳಗಾಗುವ ಹುಡುಗನಿಗೆ ಈ ಕೋಣೆಯೊಳಗೆ ತಾನೇ ಆಯ್ದ, ಗೌರವದ ಹೆಸರೊಂದು ಇರುತ್ತದೆ. ಹೊಸ ಹೆಸರು ಪಡೆದು ಹೊಸ ಬಳಗಕ್ಕೆ ಸೇರುವುದೆಂದರೇನೆಂದು ಜ್ಞಾನಸ್ನಾನ ಪಡೆದ ನಮಗೆ ವಿವರಿಸಿ ಹೇಳಬೇಕಾಗಿಲ್ಲ.

ಮರಗಳ ಕೆಳಗಿನ ಪಾಠ

ಶಾಲೆಯ ಕೂಟಗಳು ಮಕ್ಕಳಿಗಾದರೆ, ಬೆಳೆದವರಿಗೆ ಅಂಥದೇ ಆಸರೆಯಾದವರು ಕಾರ್ಮೆಲ್ ಸಭೆಯ ಗುರುವೊಬ್ಬರು. ಫಾದರ್ ರೆಜಿನಾಲ್ಡ್ ಫಾಸ್ಟರ್ 1939ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ, ನಲ್ಲಿ ಕೊಳಾಯಿಗಳ ಕೆಲಸ ಮಾಡುವವರ ಮನೆಯಲ್ಲಿ ಹುಟ್ಟಿದರು. 1969ರಿಂದ 2009ರವರೆಗೆ ವ್ಯಾಟಿಕನ್ನಿನ ಲ್ಯಾಟಿನ್ ಪತ್ರಗಳ ಕಚೇರಿಯಲ್ಲಿದ್ದು ನಾಲ್ವರು ಜಗದ್ಗುರುಗಳ ಸೇವೆ ಸಲ್ಲಿಸಿದರು. ಅಷ್ಟು ಎತ್ತರದ ಸ್ಥಾನದಲ್ಲಿದ್ದರೂ ಅವರು ಸಾಮಾನ್ಯವಾಗಿ ತೊಡುತ್ತಿದ್ದುದು ಕೂಲಿಯಾಳಿನಂಥ ನೀಲಿ ಉಡುಪು.

1977ರಿಂದ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾನಿಲಯದಲ್ಲಿ ಅವರು ಪಾಠ ಹೇಳಿದರು. 1985ರಿಂದ ಬೇಸಗೆಯಲ್ಲಿ ಯಾರು ಬಂದರೂ ಉಚಿತವಾಗಿ ಕಲಿಸುವ ಶಿಬಿರವನ್ನು ತೆರೆದರು. ಅಲ್ಲಿ ಶುಲ್ಕವಿಲ್ಲ, ಅಂಕಗಳಿಲ್ಲ, ಪ್ರಮಾಣಪತ್ರದ ಹಂಬಲವಿಲ್ಲ. ಗುರುಮಠದ ವಿದ್ಯಾರ್ಥಿ, ಕನ್ಯಾಸ್ತ್ರೀ, ಸಂಶೋಧಕ, ಶಾಲಾ ಉಪಾಧ್ಯಾಯಿನಿ, ಯಾವ ಧರ್ಮವನ್ನೂ ನಂಬದ ಯುವಕ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಹಗಲಿನ ಪಾಠ ಮುಗಿದ ಮೇಲೆ ಸಂಜೆ ತೋಟದ ಮರಗಳ ಕೆಳಗೆ ಮತ್ತೆ ಸೇರಿ, ದ್ರಾಕ್ಷಾರಸದೊಡನೆ ಓದು ಮತ್ತು ಹರಟೆಯನ್ನು ಲ್ಯಾಟಿನ್‌ನಲ್ಲೇ ಮುಂದುವರಿಸುತ್ತಿದ್ದರು. ಈ ಸಂಜೆಗಳಿಗೆ ‘ಮರಗಳ ಕೆಳಗೆ’ ಎಂದೇ ಹೆಸರಾಗಿತ್ತು.

ಆಗಾಗ ಅವರು ಶಿಷ್ಯರನ್ನು ಕಟ್ಟಿಕೊಂಡು ಪುಸ್ತಕದ ಊರುಗಳಿಗೇ ಹೊರಡುತ್ತಿದ್ದರು. ಓಸ್ತಿಯಾ ಎಂಬ ಹಳೆಯ ಬಂದರು ಅಂಥದೊಂದು. ಸಂತ ಮೋನಿಕಾ 387ರಲ್ಲಿ ಮಗ ಅಗಸ್ಟೀನನ ಸಮ್ಮುಖದಲ್ಲಿ ಕಣ್ಮುಚ್ಚಿದ ಸ್ಥಳವದು. ಆ ತಾಯಿಮಗನ ಕೊನೆಯ ಸಂಭಾಷಣೆಯನ್ನು ಮಗನೇ ಬರೆದಿಟ್ಟ ಭಾಷೆಯಲ್ಲಿ, ಅದು ನಡೆದ ಊರಿನಲ್ಲೇ ಕುಳಿತು ಜೊತೆಯಾಗಿ ಓದಿದವರು, ಬೇರೆ ಬೇರೆ ದೇಶಗಳಿಗೆ ಚದುರಿದ ಮೇಲೂ ಪರಸ್ಪರ ಮರೆಯುವುದು ಹೇಗೆ?

ಶುಲ್ಕ ತೆರದವರಿಗೂ ಪಾಠ ಹೇಳುವ ಅವರ ಈ ಪಟ್ಟು ವಿಶ್ವವಿದ್ಯಾನಿಲಯದ ನಿಯಮಕ್ಕೆ ಹೊಂದಲಿಲ್ಲ. 2006ರಲ್ಲಿ ಅಲ್ಲಿನ ಅವರ ಬೋಧನೆ ಕೊನೆಗೊಂಡಿತು. ಅವರು ಬೇರೆಡೆ ಪಾಠ ಮುಂದುವರಿಸಿದರು. ಆರೋಗ್ಯ ಕೆಟ್ಟು ತಾಯ್ನಾಡಿಗೆ ಮರಳಿದ ಮೇಲೆಯೂ ಮಿಲ್ವಾಕಿಯಲ್ಲಿ ಉಚಿತ ತರಗತಿಗಳನ್ನು ನಡೆಸಿದರು. 2020ರ ಕ್ರಿಸ್ಮಸ್ ದಿನದಂದು, 81ನೆಯ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರೆಹೋದರು. ಅವರ ಶಿಷ್ಯರಲ್ಲಿ ಹಲವರು ಇಂದು ಬೇರೆ ಬೇರೆ ದೇಶಗಳಲ್ಲಿ ಲ್ಯಾಟಿನ್ ಬೋಧಿಸುತ್ತಿದ್ದಾರೆ. ಮಹಾಪಂಡಿತರಷ್ಟೇ ಈ ಭಾಷೆಯನ್ನು ಕಲಿಯಬಲ್ಲರೆಂಬ ಮಾತನ್ನು ಅವರು ಒಪ್ಪುತ್ತಿರಲಿಲ್ಲ. ಪುರಾತನ ರೋಮಿನ ಬೀದಿಯ ತಿರುಕರಿಗೂ ಬರುತ್ತಿದ್ದ ಭಾಷೆ ನಿಮಗೇಕೆ ಬಾರದು ಎಂಬುದು ಅವರ ವಾದವಾಗಿತ್ತು.

ಯಾರದೂ ಅಲ್ಲದ, ಆದ್ದರಿಂದ ಎಲ್ಲರದೂ ಆದ ಭಾಷೆ

ಗೆಳೆತನ ಬೆಳೆಯಲು ಲ್ಯಾಟಿನ್ನೇ ಏಕೆ? ಚದುರಂಗದ ಕೂಟದಲ್ಲಿ ಬೆಳೆಯದೇ, ಕ್ರಿಕೆಟ್ ತಂಡದಲ್ಲಿ ಬೆಳೆಯದೇ? ಖಂಡಿತ ಬೆಳೆಯುತ್ತದೆ. ಆದರೂ ಈ ಭಾಷೆಗೆ ತನ್ನದೇ ಆದ ಎರಡು ಗುಣಗಳಿವೆ.

ಮೊದಲನೆಯದು, ಅದರಲ್ಲಿ ಹುಟ್ಟಿನಿಂದ ಮುಂದಿರುವವರಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಪಟ್ಟಣದ ಮಗು ಹಳ್ಳಿಯ ಮಗುವಿಗಿಂತ ಮುಂದಿರುತ್ತದೆ, ಏಕೆಂದರೆ ಅದರ ಮನೆಯಲ್ಲಿ ಆ ಭಾಷೆಯ ಗಾಳಿಯಿದೆ. ಲ್ಯಾಟಿನ್ ಯಾರ ಮನೆಯಲ್ಲೂ ಇಲ್ಲ. ಎಲ್ಲರೂ ಒಂದೇ ಹೊಸ್ತಿಲಿನಿಂದ ಎಡವುತ್ತ ಒಳಹೋಗಬೇಕು. ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದಲ್ಲಿ 1996ರಲ್ಲಿ ಪ್ರಾರಂಭವಾದ ಬೇಸಗೆಯ ಕೂಟವೊಂದಕ್ಕೆ ಬರುವವರು, ಅಲ್ಲಿರುವಷ್ಟು ದಿನವೂ ಲ್ಯಾಟಿನ್ ಹೊರತು ಬೇರೆ ಭಾಷೆ ಆಡುವುದಿಲ್ಲವೆಂದು ಒಪ್ಪಿಕೊಂಡು ಬರುತ್ತಾರೆ. ಪ್ರಾಧ್ಯಾಪಕರೂ ಊಟದ ಮೇಜಿನಲ್ಲಿ ಉಪ್ಪು ಕೇಳಲು ತಡವರಿಸುತ್ತಾರೆ. ತಡವರಿಸುವ ದೊಡ್ಡವರನ್ನು ಕಂಡ ಚಿಕ್ಕವರಿಗೆ ತಮ್ಮ ತಡವರಿಕೆ ನಾಚಿಕೆಯೆನಿಸುವುದಿಲ್ಲ.

ಎರಡನೆಯದು, ಅದು ನಿಧಾನದ ಭಾಷೆ. ವಾಕ್ಯದ ಕ್ರಿಯಾಪದ ಎಷ್ಟೋ ಸಲ ಕಟ್ಟಕಡೆಗೆ ಬರುತ್ತದೆ. ಅದು ಸಿಗುವವರೆಗೆ ಅರ್ಥವನ್ನು ಮನಸ್ಸಿನಲ್ಲಿ ಹಿಡಿದು ಕಾಯಬೇಕು. ಕನ್ನಡಿಗರಾದ ನಮಗೆ ಈ ಕಾಯುವಿಕೆ ಹೊಸತಲ್ಲ, ಇಂಗ್ಲಿಷ್ ಮಾತನಾಡುವ ಮಕ್ಕಳಿಗೆ ಅದು ದೊಡ್ಡ ಸಾಹಸ. ಒಬ್ಬನಿಗೆ ನಾಮಪದದ ವಿಭಕ್ತಿ ತಿಳಿಯುತ್ತದೆ, ಇನ್ನೊಬ್ಬನಿಗೆ ಶಬ್ದಾರ್ಥ ನೆನಪಿದೆ, ಮೂರನೆಯವನಿಗೆ ಕಥೆ ಗೊತ್ತಿದೆ. ಮೂವರೂ ಸೇರಿದರೆ ವಾಕ್ಯ ಬಿಡಿಸಿಕೊಳ್ಳುತ್ತದೆ. ನಾಲ್ಕು ಸಾಲಿಗೆ ಒಂದು ಗಂಟೆ ಕಳೆದವರ ನಡುವೆ ಮೂಡುವ ಸ್ನೇಹ ಅವಸರದ ಪರಿಚಯಗಳಲ್ಲಿ ಮೂಡುವುದು ಕಷ್ಟ.

ವಿದ್ಯಾರ್ಥಿಗಳಿಂದ ಹುಟ್ಟಿದ ಬಳಗಗಳು

ಧರ್ಮಸಭೆಯ ಚರಿತ್ರೆಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಂಗ್ಲೆಂಡಿನ ರಿವೋ ಮಠದ ಅಧಿಪತಿಯಾಗಿದ್ದ ಸಂತ ಏಲ್ರೆಡ್, ಶಾಲಾಬಾಲಕನಾಗಿದ್ದಾಗ ಗೆಳೆಯರಿಗಾಗಿ ಹಂಬಲಿಸುತ್ತಿದ್ದವರು. ಆಗ ಅವರ ಕೈಗೆ ಬಂದದ್ದು ರೋಮಿನ ವಾಗ್ಮಿ ಕಿಕೆರೋ ಸ್ನೇಹವನ್ನು ಕುರಿತು ಬರೆದ ಪುಸ್ತಕ. ಅದೇ ಬೀಜ ಮುಂದೆ ಮೊಳೆತು, ಕ್ರಿಸ್ತನಲ್ಲಿ ಗೆಳೆಯರಾಗುವುದೆಂದರೇನು ಎಂಬುದನ್ನು ವಿಚಾರಿಸುವ ಅವರದೇ ಲ್ಯಾಟಿನ್ ಗ್ರಂಥವಾಯಿತು.

ಸಂತ ಇಗ್ನೇಷಿಯಸ್ ಲೊಯೋಲಾರ ಕಥೆ ಇನ್ನೂ ಹತ್ತಿರದ್ದು. ಯುದ್ಧದಲ್ಲಿ ಕಾಲು ಮುರಿದುಕೊಂಡು ದೇವರ ಕಡೆ ತಿರುಗಿದ ಆ ಯೋಧನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. 1524ರಲ್ಲಿ, ಮೂವತ್ತು ದಾಟಿದ ವಯಸ್ಸಿನಲ್ಲಿ, ಬಾರ್ಸಿಲೋನಾದಲ್ಲಿ ಅವರು ಲ್ಯಾಟಿನ್ನಿನ ಮೊದಲ ಪಾಠಗಳಿಗೆ ಕುಳಿತರು. 1528ರಲ್ಲಿ ಪ್ಯಾರಿಸಿಗೆ ಬಂದಾಗ ತಳಪಾಯ ಸಾಲದೆಂದು ಮತ್ತೊಮ್ಮೆ ಹುಡುಗರ ಸಾಲಿಗೇ ಸೇರಿದರು. ಮರುವರ್ಷ ಅಲ್ಲಿನ ಒಂದು ಕಾಲೇಜಿನಲ್ಲಿ ಅವರೊಡನೆ ಕೋಣೆ ಹಂಚಿಕೊಂಡ ಇಬ್ಬರು ವಿದ್ಯಾರ್ಥಿಗಳು ಪೀಟರ್ ಫಾವ್ರ್ ಮತ್ತು ಫ್ರಾನ್ಸಿಸ್ ಕ್ಸೇವಿಯರ್. ಫಾವ್ರ್ ತನಗಿಂತ ಹದಿನೈದು ವರ್ಷ ಹಿರಿಯರಾದ ಇಗ್ನೇಷಿಯಸ್‌ರಿಗೆ ಪಾಠದಲ್ಲಿ ನೆರವಾದರು. ಇಗ್ನೇಷಿಯಸ್ ಅವರಿಗೆ ಆತ್ಮದ ದಾರಿಯಲ್ಲಿ ನೆರವಾದರು. ಆ ಕೋಣೆಯ ಗೆಳೆತನವೇ 1534ರ ಆಗಸ್ಟ್ 15ರಂದು ಏಳು ಮಂದಿಯ ವ್ರತವಾಗಿ, 1540ರಲ್ಲಿ ಯೇಸುಸಭೆಯಾಗಿ ಬೆಳೆಯಿತು. ಅದೇ ಕೋಣೆಯ ಕ್ಸೇವಿಯರ್ 1542ರಲ್ಲಿ ಗೋವೆಯಲ್ಲಿ ಬಂದಿಳಿದರು. ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ಅವರ ಹೆಸರಿನ ಮಕ್ಕಳಿದ್ದಾರೆ!

ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ‘ಸೊಡಾಲಿಟಿ’ ಎಂಬ ಪದ ಚಿರಪರಿಚಿತ. ಅದರ ಮೂಲವೂ ಒಂದು ತರಗತಿಯೇ. 1563ರಲ್ಲಿ ರೋಮಿನ ಕಾಲೇಜಿನಲ್ಲಿ ವ್ಯಾಕರಣ, ಎಂದರೆ ಲ್ಯಾಟಿನ್, ಕಲಿಸುತ್ತಿದ್ದ ಯೇಸುಸಭೆಯ ಯುವಕ ಜಾನ್ ಲೂನಿಸ್, ತಮ್ಮ ವಿದ್ಯಾರ್ಥಿಗಳನ್ನು ಪಾಠ ಮುಗಿದ ಮೇಲೆ ಪ್ರಾರ್ಥನೆಗಾಗಿ ಒಟ್ಟುಗೂಡಿಸಿದರು. ಮಾತೆ ಮರಿಯಳ ಹೆಸರಿನ ಆ ಕೂಟ ಲೋಕದಾದ್ಯಂತ ಹರಡಿತು. ಲ್ಯಾಟಿನ್‌ನಲ್ಲಿ ‘ಸೊದಾಲಿಸ್’ ಎಂದರೆ ಒಡನಾಡಿ. ‘ಕಂಪ್ಯಾನಿಯನ್’ ಎಂಬ ಇಂಗ್ಲಿಷ್ ಪದದೊಳಗೂ ‘ಜೊತೆ’ ಮತ್ತು ‘ರೊಟ್ಟಿ’ ಎಂಬರ್ಥದ ಎರಡು ಲ್ಯಾಟಿನ್ ಪದಗಳು ಅಡಗಿವೆ. ಒಂದೇ ರೊಟ್ಟಿಯನ್ನು ಹಂಚಿ ತಿನ್ನುವವನೇ ಒಡನಾಡಿ. ಬಲಿಪೂಜೆಯ ಸುತ್ತ ಸೇರುವ ನಮಗೆ ಇದಕ್ಕಿಂತ ಸುಂದರವಾದ ವ್ಯಾಖ್ಯಾನ ಬೇಕೇ?

ನಮ್ಮ ನಾಡಿನ ನೆನಪು

ಕರ್ನಾಟಕದಲ್ಲಿಯೂ ಲ್ಯಾಟಿನ್ ಅನ್ಯವಾಗಿರಲಿಲ್ಲ. ಬೆಂಗಳೂರಿನಲ್ಲಿ ಫ್ರೆಂಚ್ ಮಿಷನರಿಗಳ ಶ್ರಮದಿಂದ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಅಚ್ಚಾದವು. ಎಪ್ಪತ್ತು ದಾಟಿದ ನಮ್ಮ ಹಿರಿಯರಲ್ಲಿ ಅನೇಕರು ಬಾಲ್ಯದಲ್ಲಿ ಲತೀನ್ ಪೂಜೆಗೆ ಸೇವೆ ಮಾಡಿದವರು. ಪೀಠದ ಬಳಿ ಮೊಣಕಾಲೂರಿ, ಗುರುಗಳ ಪ್ರಾರ್ಥನೆಗೆ ಒಂದೇ ಉಸಿರಿನಲ್ಲಿ ಉತ್ತರ ಹೇಳುತ್ತಿದ್ದ ಆ ಹುಡುಗರಲ್ಲಿ ಹೆಚ್ಚಿನವರಿಗೆ ಅರ್ಥ ತಿಳಿಯುತ್ತಿರಲಿಲ್ಲ. ಆದರೆ ಜೊತೆಗಾರ ಮರೆತಾಗ ಮುಂದಿನ ಪದವನ್ನು ಮೆಲ್ಲನೆ ಎತ್ತಿಕೊಡುವುದು ತಿಳಿದಿತ್ತು. ಅವರನ್ನು ಮಾತನಾಡಿಸಿ ನೋಡಿ. ಪ್ರಾರ್ಥನೆಗಿಂತ ಮೊದಲು ಅವರ ನೆನಪಿಗೆ ಬರುವುದು ಪಕ್ಕದಲ್ಲಿ ಮೊಣಕಾಲೂರಿದ್ದ ಗೆಳೆಯನ ಹೆಸರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಲ್ಯಾಟಿನ್ ಎಲ್ಲ ಕಾಲದಲ್ಲೂ ಬಾಗಿಲಾಗಿರಲಿಲ್ಲ, ಎಷ್ಟೋ ಕಡೆ ಗೋಡೆಯೂ ಆಗಿತ್ತು. ಸಿರಿವಂತರ ಮಕ್ಕಳನ್ನು ಬಡವರ ಮಕ್ಕಳಿಂದ ಬೇರ್ಪಡಿಸುವ ಗುರುತಾಗಿ ಅದನ್ನು ಬಳಸಿದ್ದುಂಟು. ನಮ್ಮ ಧರ್ಮಸಭೆಯೊಳಗೂ ಹಳೆಯ ಲ್ಯಾಟಿನ್ ಪೂಜೆಯ ಕುರಿತು ನೋವಿನ ಭಿನ್ನಾಭಿಪ್ರಾಯಗಳಿವೆ. ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ ಅದರ ಆಚರಣೆಗೆ ಮಿತಿಗಳನ್ನು ವಿಧಿಸಿದ್ದು ಐಕ್ಯತೆಯ ಹೆಸರಿನಲ್ಲಿ. ಆ ಚರ್ಚೆ ಈ ಲೇಖನದ ವಿಷಯವಲ್ಲ. ಆದರೆ ಅದರಿಂದ ಕಲಿಯಬೇಕಾದ ಪಾಠವಿದೆ: ‘ನಮಗೆ ತಿಳಿದದ್ದು ಅವರಿಗೆ ತಿಳಿಯದು’ ಎಂದು ಬೀಗುವ ಕೂಟ ಬೇಗನೆ ಪಂಗಡವಾಗುತ್ತದೆ. ‘ನಮಗೆ ತಿಳಿದದ್ದನ್ನು ನೀನೂ ಬಂದು ತಿಳಿ’ ಎನ್ನುವ ಕೂಟ ಮಾತ್ರ ಮನೆಯಾಗುತ್ತದೆ. ಶುಲ್ಕವಿಲ್ಲದೆ ಮರದ ಕೆಳಗೆ ಕಲಿಸಿದ ಆ ಕಾರ್ಮೆಲ್ ಗುರುಗಳ ದೊಡ್ಡತನವಿರುವುದು ಈ ವ್ಯತ್ಯಾಸದಲ್ಲಿಯೇ.

ಪ್ರಯೋಜನದ ಪ್ರಶ್ನೆಗೂ ಉತ್ತರವಿಲ್ಲದಿಲ್ಲ. 2013ರ ಫೆಬ್ರವರಿ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟ್‌ರವರು ತಮ್ಮ ನಿವೃತ್ತಿಯನ್ನು ಲ್ಯಾಟಿನ್‌ನಲ್ಲಿ ಘೋಷಿಸಿದಾಗ, ಅದನ್ನು ಕೇಳಿಸಿಕೊಂಡೇ ಅರಿತು ಲೋಕಕ್ಕೆ ಮೊದಲು ಸುದ್ದಿ ಮುಟ್ಟಿಸಿದವರು ಇಟಲಿಯ ಸುದ್ದಿಸಂಸ್ಥೆಯ ಪತ್ರಕರ್ತೆ ಜೊವಾನ್ನಾ ಕಿರ್ರಿ. ಅವರಿಗೆ ಲ್ಯಾಟಿನ್ ಬರುತ್ತಿತ್ತು. ಆದರೆ ಇಂಥ ಅವಕಾಶ ಶತಮಾನಕ್ಕೊಮ್ಮೆ ಒಬ್ಬರಿಗೆ ಒದಗಬಹುದು. ಪಕ್ಕದಲ್ಲಿ ಕೂರುವ ಒಬ್ಬ ಗೆಳೆಯನ ಅಗತ್ಯ ಪ್ರತಿದಿನವೂ ಪ್ರತಿಯೊಂದು ಮಗುವಿಗೂ ಇದೆ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮಗ ಅಥವಾ ಮಗಳು ಯಾವುದಾದರೂ ‘ಉಪಯೋಗವಿಲ್ಲದ’ ವಿಷಯದ ಬೆನ್ನು ಹತ್ತಿದರೆ, ಅದು ಹಳಗನ್ನಡದ ಓದಾಗಲಿ, ಗಮಕವಾಗಲಿ, ದೇವಾಲಯದ ಗಾಯನವೃಂದವಾಗಲಿ, ಹಕ್ಕಿಗಳನ್ನು ನೋಡುವ ಹವ್ಯಾಸವಾಗಲಿ, ಕೂಡಲೇ ತಡೆಯಬೇಡಿ. ಅಲ್ಲಿ ಯಾರು ಯಾರು ಬರುತ್ತಾರೆಂದು ವಿಚಾರಿಸಿ. ಅವರನ್ನು ಒಮ್ಮೆ ಮನೆಗೆ ಊಟಕ್ಕೆ ಕರೆಯಿರಿ. ನಮ್ಮ ಧರ್ಮಕೇಂದ್ರಗಳ ಯುವಕ ಸಂಘಗಳವರು ಮುಂದಿನ ಸಭೆಗೆ ಹೊರಡುವ ಮೊದಲು, ಬಾಗಿಲ ಬಳಿಯೇ ನಿಂತು ಹಿಂದಿರುಗಿ ಹೋಗುವ ಆ ಒಬ್ಬ ಹುಡುಗನನ್ನು ನೆನೆಯಲಿ, ಅವನ ಕೈಗೊಂದು ಕೆಲಸ ಕೊಡಲಿ. ರಥವನ್ನು ಎಳೆಯಲು ಎಲ್ಲ ಕೈಗಳೂ ಬೇಕು.